ದೇವನಹಳ್ಳಿ: ಕೋಟೆಯಿಂದ ವಿಮಾನ ನಿಲ್ದಾಣದವರೆಗೆ

ಬೆಂಗಳೂರಿನಿಂದ ಬಳ್ಳಾರಿ ರಸ್ತೆ ಹಿಡಿದು ಉತ್ತರಕ್ಕೆ ಹೊರಟ ಹೆಚ್ಚಿನವರು ವಿಮಾನ ನಿಲ್ದಾಣದತ್ತ ತಿರುಗಿಬಿಡುತ್ತಾರೆ. ತಿರುಗದೆ ಇನ್ನಷ್ಟು ಮುಂದೆ ಹೋದರೆ ದೇವನಹಳ್ಳಿಯ ಕೋಟೆ ಸಿಗುತ್ತದೆ. 1501ರಲ್ಲಿ ಆವತಿ ನಾಡಪ್ರಭುಗಳ ಮನೆತನದ ಮಲ್ಲಬೈರೇಗೌಡ ಇಲ್ಲಿ ಮಣ್ಣಿನ ಕೋಟೆ ಕಟ್ಟಿಸಿದ. 1749ರಲ್ಲಿ ಮೈಸೂರಿನ ನಂಜರಾಜಯ್ಯ ಅದನ್ನು ವಶಪಡಿಸಿಕೊಂಡಾಗ ಆ ಸೇನೆಯಲ್ಲಿ ಹೈದರ್ ಎಂಬ ಸೈನಿಕನಿದ್ದ. ಅವನ ಏಳಿಗೆಗೆ ದಾರಿಯಾದದ್ದೇ ಈ ಮುತ್ತಿಗೆ. ಮಗ ಟಿಪ್ಪು ಹುಟ್ಟಿದ್ದೂ ಈ ಊರಿನಲ್ಲಿಯೇ. ಕೋಟೆಯ ಬಳಿ ಆ ಜಾಗವನ್ನು ಗುರುತಿಸುವ ಪುಟ್ಟ ಕಂಬಗಳ ಮಂಟಪವೊಂದಿದೆ. 1791ರಲ್ಲಿ ಕೋಟೆ ಕಾರ್ನ್‌ವಾಲಿಸನ ಕೈಸೇರಿತು.

ಗೌಡರು, ಒಡೆಯರು, ಸುಲ್ತಾನರು, ಕಂಪೆನಿ ಸರಕಾರ - ಕಂದಾಯ ವಸೂಲಿ ಮಾಡುವ ಕೈಗಳು ಬದಲಾದವು. ಸುತ್ತಲಿನ ಹೊಲಗಳು ಮಾತ್ರ ಹೊಲಗಳಾಗಿಯೇ ಉಳಿದವು. ರಾಗಿ, ದ್ರಾಕ್ಷಿ, ಹಿಪ್ಪುನೇರಳೆ, ಊರಿನ ಹೆಸರನ್ನೇ ಹೊತ್ತ ಚಕ್ಕೋತ ಇಲ್ಲಿನ ಬೆಳೆಗಳು.

ನಿಜವಾದ ತಿರುವು ಬಂದದ್ದು 2008ರ ಮೇ 24ರಂದು. ಸುಮಾರು ನಾಲ್ಕು ಸಾವಿರ ಎಕರೆಯಲ್ಲಿ ಹೊಸ ವಿಮಾನ ನಿಲ್ದಾಣ ಕೆಲಸ ಆರಂಭಿಸಿತು. ಬೇಲಿಯಾಚೆಯ ಜಮೀನಿನ ಬೆಲೆ ಬೆಳೆಯನ್ನು ನೋಡಿ ಕಟ್ಟುವಂಥದ್ದಾಗಿ ಉಳಿಯಲಿಲ್ಲ. 2013ರಲ್ಲಿ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿಟ್ಟರು. 2015ರಲ್ಲಿ ಗಿರೀಶ್ ಕಾರ್ನಾಡರು ಟಿಪ್ಪುವಿನ ಹೆಸರು ಸೂಕ್ತವಿತ್ತೆಂದಾಗ ಎದ್ದ ಗದ್ದಲ ನೆನಪಿದೆಯಲ್ಲ? ಹೆಸರಿಗಾಗಿ ಕಿರುಚಿದವರಲ್ಲಿ ಎಷ್ಟು ಮಂದಿ ಆ ನೆಲದ ರೈತ ಎಲ್ಲಿಗೆ ಹೋದನೆಂದು ಕೇಳಿದರು?

ಆ ಪ್ರಶ್ನೆಯನ್ನು ಕೊನೆಗೆ ರೈತರೇ ಎತ್ತಬೇಕಾಯಿತು. ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗಾಗಿ ಸ್ವಾಧೀನಪಡಿಸಿಕೊಳ್ಳಲು ಸರಕಾರ ಹೊರಟಾಗ, 2022ರಲ್ಲಿ ಅವರು ಧರಣಿ ಕುಳಿತರು. ಬಹುತೇಕರು ತುಂಡು ಭೂಮಿಯವರು. ದಲಿತ ಕುಟುಂಬಗಳೂ ಇದ್ದವು. ಸರಕಾರ ಬದಲಾಯಿತು, ಧರಣಿ ನಿಲ್ಲಲಿಲ್ಲ. ಮೂರು ವರ್ಷ ದಾಟಿದ ಮೇಲೆ, 2025ರ ಜುಲೈ 15ರಂದು, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿದರು. ಸ್ವಇಚ್ಛೆಯಿಂದ ಕೊಡುವವರ ಜಮೀನನ್ನು ಮಾತ್ರ ಕೊಳ್ಳುವುದಾಗಿಯೂ ಹೇಳಿದರು.

ಅಂದು ಹಳ್ಳಿಗಳಲ್ಲಿ ಸಂಭ್ರಮವಿತ್ತು. ಆದರೆ 'ಸ್ವಇಚ್ಛೆ' ಎಂಬ ಪದ ಸಣ್ಣದೇನಲ್ಲ. ಮಗಳ ಮದುವೆಯ ಸಾಲ, ಬತ್ತಿದ ಕೊಳವೆಬಾವಿ, ಪಕ್ಕದ ಹೊಲದಲ್ಲಿ ಎದ್ದ ಲೇಔಟಿನ ಕಾಂಪೌಂಡು - ಇವೆಲ್ಲ ಸೇರಿ ಒಬ್ಬ ರೈತನ ಇಚ್ಛೆಯನ್ನು ರೂಪಿಸುತ್ತವೆ.