ಕಂಪ್ಯೂಟರ್ ಫ್ಯಾನ್‌ಗಳ ಜೋಡಣೆ ಮತ್ತು ನಿಯಂತ್ರಣ

ಬಿಡಿಭಾಗಗಳನ್ನು ಕೊಂಡು ಜೋಡಿಸಿದ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಮೊದಲಾದವುಗಳ ಶಾಖವನ್ನು ಹೊರಹಾಕಲು ಫ್ಯಾನ್‌ಗಳನ್ನು ಬಳಸಲಾಗುತ್ತದೆ. ಇವು ಸಾಮಾನ್ಯವಾಗಿ 12 ವೋಲ್ಟ್ ನೇರ ವಿದ್ಯುತ್ತಿನಿಂದ ತಿರುಗುತ್ತವೆ. ತಾಪಮಾನಕ್ಕೆ ಅನುಗುಣವಾಗಿ ಇವುಗಳ ವೇಗವನ್ನು ಮದರ್‌ಬೋರ್ಡ್ ನಿಯಂತ್ರಿಸುತ್ತದೆ.

ಸಂಪರ್ಕದ ವಿಧಗಳು

ಮೂರು ಪಿನ್‌ಗಳ ಫ್ಯಾನಿನಲ್ಲಿ ಮೊದಲನೆಯದು ಗ್ರೌಂಡ್, ಎರಡನೆಯದು 12 ವೋಲ್ಟ್, ಮೂರನೆಯದು ವೇಗಸೂಚಕ. ಫ್ಯಾನ್ ಒಂದು ಸುತ್ತು ತಿರುಗಿದಾಗ ವೇಗಸೂಚಕ ತಂತಿಯಲ್ಲಿ ಎರಡು ಮಿಡಿತಗಳು ಉಂಟಾಗುತ್ತವೆ. ಇವುಗಳನ್ನು ಎಣಿಸಿ ವೇಗವನ್ನು ತಿಳಿಯಲಾಗುತ್ತದೆ. ಇಂತಹ ಫ್ಯಾನಿನ ವೇಗವನ್ನು ವೋಲ್ಟೇಜ್ ಇಳಿಸಿಯೇ ತಗ್ಗಿಸಬೇಕು. ವೋಲ್ಟೇಜ್ ತೀರಾ ಕಡಿಮೆಯಾದರೆ ಫ್ಯಾನ್ ನಿಂತುಹೋಗುತ್ತದೆ.

ನಾಲ್ಕು ಪಿನ್‌ಗಳ ಫ್ಯಾನಿಗೆ 12 ವೋಲ್ಟ್ ಸದಾ ಪೂರ್ಣವಾಗಿ ದೊರೆಯುತ್ತದೆ. ನಾಲ್ಕನೆಯ ತಂತಿಯಲ್ಲಿ ಬರುವ ಪಿಡಬ್ಲ್ಯೂಎಂ ಸಂಕೇತವು ವೇಗವನ್ನು ನಿರ್ಧರಿಸುತ್ತದೆ. ಇಂಟೆಲ್ ಸಂಸ್ಥೆಯ ನಿರ್ದಿಷ್ಟತೆಯಂತೆ ಇದರ ಆವರ್ತನ 25 ಕಿಲೋಹರ್ಟ್ಸ್. ಇದು ಮನುಷ್ಯನ ಶ್ರವಣಮಿತಿಗಿಂತ ಮೇಲಿದೆ. ಸಂಕೇತ ಬಾರದಿದ್ದರೆ ಫ್ಯಾನ್ ಪೂರ್ಣ ವೇಗದಲ್ಲಿ ತಿರುಗುತ್ತದೆ.

ಮೂರು ಪಿನ್‌ಗಳ ಫ್ಯಾನ್ ನಾಲ್ಕು ಪಿನ್‌ಗಳ ಹೆಡರಿನಲ್ಲಿಯೂ ಸರಿಯಾಗಿ ಕೂರುತ್ತದೆ. ಗೊಂದಲ ಹುಟ್ಟುವುದು ಇಲ್ಲಿಯೇ. ಹೆಡರ್ ಪಿಡಬ್ಲ್ಯೂಎಂ ಕ್ರಮದಲ್ಲಿದ್ದರೆ ಆ ಫ್ಯಾನಿಗೆ ಸಂಕೇತವನ್ನು ಪಡೆಯುವ ತಂತಿಯೇ ಇರುವುದಿಲ್ಲವಾದ್ದರಿಂದ, ತಂಪಿರಲಿ ಬಿಸಿಯಿರಲಿ, ಅದು ಗರಿಷ್ಠ ವೇಗದಲ್ಲಿ ಸದ್ದುಮಾಡುತ್ತಲೇ ಇರುತ್ತದೆ. ಫ್ಯಾನ್ ಕೆಟ್ಟಿದೆಯೆಂದು ಬದಲಿಸುವ ಮೊದಲು ಬಯಾಸ್‌ನಲ್ಲಿ ಹೆಡರನ್ನು ಡಿಸಿ ಕ್ರಮಕ್ಕೆ ಬದಲಾಯಿಸಿ ನೋಡುವುದು ಸೂಕ್ತ.

ಹೆಡರಿನ ಮಿತಿ

ಅನೇಕ ಮದರ್‌ಬೋರ್ಡ್‌ಗಳಲ್ಲಿ ಒಂದು ಹೆಡರಿನ ಮಿತಿ 1 ಆಂಪಿಯರ್, ಅಂದರೆ 12 ವ್ಯಾಟ್. ತಲಾ 0.2 ಆಂಪಿಯರಿನ ನಾಲ್ಕು ಫ್ಯಾನ್‌ಗಳನ್ನು ಕವಲು ತಂತಿಯಿಂದ ಜೋಡಿಸಿದರೆ ಒಟ್ಟು 0.8 ಆಂಪಿಯರ್ ಆಗುತ್ತದೆ. ತಿರುಗಲಾರಂಭಿಸುವ ಕ್ಷಣದಲ್ಲಿ ಇನ್ನೂ ಹೆಚ್ಚು ಬೇಕಾಗುವುದರಿಂದ ಇದು ನೆಮ್ಮದಿಯ ಲೆಕ್ಕವಲ್ಲ. ಫ್ಯಾನ್‌ಗಳು ಹೆಚ್ಚಿದ್ದಲ್ಲಿ, ಪವರ್ ಸಪ್ಲೈನ ಸಾಟಾ ತಂತಿಯಿಂದ ನೇರವಾಗಿ ವಿದ್ಯುತ್ ಪಡೆಯುವ ಹಬ್ ಬಳಸಲಾಗುತ್ತದೆ. ಸಾಮಾನ್ಯವಾಗಿ ಇಂತಹ ಹಬ್ ಒಂದೇ ಫ್ಯಾನಿನ ವೇಗವನ್ನು ಮದರ್‌ಬೋರ್ಡಿಗೆ ತಿಳಿಸುತ್ತದೆ. ಉಳಿದವುಗಳಲ್ಲಿ ಒಂದು ನಿಂತುಹೋದರೂ ಎಚ್ಚರಿಕೆ ಬರುವುದಿಲ್ಲ. ಆದ್ದರಿಂದ ಪ್ರೊಸೆಸರಿನ ಫ್ಯಾನನ್ನು ಅದಕ್ಕೆಂದೇ ಇರುವ ಹೆಡರಿಗೆ ಜೋಡಿಸುವುದು ವಾಡಿಕೆ. ಅಲ್ಲಿ ವೇಗಸೂಚಕ ಮಿಡಿತ ಕಾಣದಿದ್ದರೆ ಹಲವು ಮದರ್‌ಬೋರ್ಡ್‌ಗಳು ಆರಂಭದಲ್ಲಿಯೇ ದೋಷವನ್ನು ತೋರಿಸುತ್ತವೆ.

ವೇಗರೇಖೆ

ಯಾವ ತಾಪಮಾನಕ್ಕೆ ಎಷ್ಟು ವೇಗ ಎಂಬುದನ್ನು ಬಯಾಸ್‌ನಲ್ಲಿ ರೇಖೆಯಾಗಿ ನಿಗದಿಪಡಿಸಬಹುದು. ಲಿನಕ್ಸ್‌ನಲ್ಲಿ ಫ್ಯಾನ್‌ಕಂಟ್ರೋಲ್ ಎಂಬ ತಂತ್ರಾಂಶವೂ ಇದೆ. ಪ್ರೊಸೆಸರಿನ ತಾಪಮಾನ ಕ್ಷಣಾರ್ಧದಲ್ಲಿ ಜಿಗಿಯುವುದರಿಂದ ರೇಖೆ ಕಡಿದಾಗಿದ್ದರೆ ಫ್ಯಾನ್‌ಗಳು ಮತ್ತೆಮತ್ತೆ ಏರಿಳಿಯುತ್ತವೆ. ಒಂದೇ ಮಟ್ಟದ ಸದ್ದಿಗಿಂತ ಈ ಏರಿಳಿತವೇ ಕಿವಿಗೆ ಹೆಚ್ಚು ಕಿರಿಕಿರಿ. ವೇಗ ಬದಲಾಗುವ ಮುನ್ನ ಕೆಲವು ಸೆಕೆಂಡುಗಳ ವಿಳಂಬವನ್ನು ಅಳವಡಿಸುವುದು ಇದಕ್ಕೆ ಪರಿಹಾರ.

ಬಣ್ಣದ ದೀಪಗಳು

ದೀಪವಿರುವ ಫ್ಯಾನ್‌ಗಳಿಗೆ ಪ್ರತ್ಯೇಕ ತಂತಿಯಿರುತ್ತದೆ. ಪ್ರತಿ ದೀಪವನ್ನೂ ಬೇರೆಬೇರೆಯಾಗಿ ನಿಯಂತ್ರಿಸಬಲ್ಲ ಬಗೆಯದು ಸಾಮಾನ್ಯವಾಗಿ 5 ವೋಲ್ಟ್, ಹಳೆಯ ಬಗೆಯದು 12 ವೋಲ್ಟ್. ಮೊದಲನೆಯದನ್ನು ಎರಡನೆಯದರ ಹೆಡರಿಗೆ ಒತ್ತಾಯದಿಂದ ಜೋಡಿಸಿದರೆ ದೀಪಗಳು ಸುಟ್ಟುಹೋಗಬಹುದು.