ಕಚೇರಿಯ ಕಸಗುಡಿಸುವವರು: ನಿರೀಕ್ಷೆ ಮತ್ತು ಹೊಣೆ (1960–2025)

ಒಂದು ಕಚೇರಿಯು ತನ್ನ ಕಸಗುಡಿಸುವವರಿಂದ ಏನನ್ನು ನಿರೀಕ್ಷಿಸಬಹುದು? ಈ ಪ್ರಶ್ನೆ ಆಡಳಿತಗಾರರಿಗೆ ಸೇರಿದ್ದೇ ಹೊರತು ಇತಿಹಾಸದ ವಿದ್ಯಾರ್ಥಿಗೆ ಸೇರಿದ್ದಲ್ಲವೆಂದು ಮೇಲುನೋಟಕ್ಕೆ ತೋರಬಹುದು. ಗುಡಿಸುವುದು, ಒರಸುವುದು, ಧೂಳು ಹೊಡೆಯುವುದು, ಶೌಚಾಲಯಗಳನ್ನು ತೊಳೆಯುವುದು, ಕಸವನ್ನು ಸಾಗಿಸುವುದು, ಇವೆಲ್ಲವನ್ನೂ ಆದಷ್ಟು ಮಟ್ಟಿಗೆ ಇತರರು ಬರುವುದಕ್ಕೆ ಮೊದಲೇ ಮುಗಿಸುವುದು: ಈ ಪಟ್ಟಿ ಬಹುಕಾಲದಿಂದ ಹೆಚ್ಚಾಗಿ ಬದಲಾಗಿಲ್ಲ. ಬದಲಾಗದ ವಸ್ತುವಿಗೆ ಇತಿಹಾಸವೆಲ್ಲಿಯದು ಎಂದು ಯಾರಾದರೂ ಕೇಳಿದರೆ ಆಶ್ಚರ್ಯವಿಲ್ಲ. ಆದರೆ ನಿರೀಕ್ಷೆಗೆ ಇನ್ನೊಂದು ಮುಖವುಂಟು. ಆ ಕೆಲಸವನ್ನು ಮಾಡುವವರು ಯಾರ ನೌಕರರು? ಅವರ ಸಂಬಳ, ರಜೆ, ಮುಪ್ಪಿನ ಕಾಲದ ಆಧಾರ ಇವುಗಳಿಗೆ ಹೊಣೆ ಯಾರು? ಕೆಲಸವು ಒಂದೇ ಆಗಿ ಉಳಿದಿರಲು, ಈ ಎರಡನೆಯ ಪ್ರಶ್ನೆಗೆ ನಮ್ಮ ದೇಶದ ಶಾಸನಗಳೂ ನ್ಯಾಯಾಲಯಗಳೂ 1960ರಿಂದ ಈಚೆಗೆ ಮತ್ತೆ ಮತ್ತೆ ಬೇರೆ ಬೇರೆ ಉತ್ತರಗಳನ್ನು ಕೊಟ್ಟಿವೆ. ಆ ಉತ್ತರಗಳ ಕ್ರಮವನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಹೆಸರುಗಳನ್ನು ನೋಡೋಣ. ಕಚೇರಿಯ ಪೀಠೋಪಕರಣಗಳ ಧೂಳು ಹೊಡೆಯುವ ನೌಕರನನ್ನು ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಇತ್ತೀಚಿನವರೆಗೆ ‘ಫರಾಶ್’ ಎಂದು ಕರೆಯುತ್ತಿದ್ದರು. ಹಾಸುಗಂಬಳಿ, ನೆಲಹಾಸು ಎಂಬರ್ಥದ ಅರಬ್ಬೀ ಶಬ್ದದಿಂದ ಹುಟ್ಟಿದ ಪದವಿದು. ಅಬುಲ್ ಫಜಲನ ‘ಐನ್-ಇ-ಅಕ್ಬರಿ’ಯಲ್ಲಿ ಬಾದಶಹನ ಡೇರೆಗಳನ್ನೂ ಜಮಖಾನೆಗಳನ್ನೂ ನೋಡಿಕೊಳ್ಳುವ ಫರಾಶ್‌ಖಾನೆಗೆ ಒಂದು ಪ್ರಕರಣವೇ ಮೀಸಲಾಗಿದೆ. ಅಲ್ಲಿ ಫರಾಶನು ಅರಮನೆಯ ಒಂದು ಇಲಾಖೆಗೆ ಸೇರಿದವನು. ಅವನ ಒಡೆಯನಾರೆಂಬುದರಲ್ಲಿ ಸಂದೇಹಕ್ಕೆ ಎಡೆಯಿರಲಿಲ್ಲ. ಅಕ್ಬರನ ಪಾಳೆಯದಿಂದ ಇಪ್ಪತ್ತೊಂದನೆಯ ಶತಮಾನದ ಸಚಿವಾಲಯದವರೆಗೆ ಹೆಸರು ಸಾಗಿಬಂದಿತಾದರೂ ಅದರೊಡನೆ ಆ ನಿಶ್ಚಿತತೆ ಸಾಗಿಬರಲಿಲ್ಲ.

ಫರಾಶನಿಗಿಂತ ಕೆಳಗೆ ಕಸಗುಡಿಸುವವನ ಸ್ಥಾನ. ಈ ಭೇದವು ಕೇವಲ ಕೆಲಸದ ಭೇದವಲ್ಲ. ಸರ್ಕಾರಿ ನೌಕರಿಯಲ್ಲಿ ಪರಿಶಿಷ್ಟ ಜಾತಿಗಳ ಪ್ರಾತಿನಿಧ್ಯವನ್ನು ತೋರಿಸುವ ಕೇಂದ್ರ ಸರ್ಕಾರದ ವಾರ್ಷಿಕ ವರದಿಗಳ ಕೋಷ್ಟಕಗಳಲ್ಲಿ ‘ಗುಂಪು ಡಿ, ಸಫಾಯಿ ಕರ್ಮಚಾರಿಗಳನ್ನು ಬಿಟ್ಟು’ ಎಂಬ ಒಂದು ಸಾಲೂ, ‘ಸಫಾಯಿ ಕರ್ಮಚಾರಿಗಳು’ ಎಂಬ ಪ್ರತ್ಯೇಕವಾದ ಮತ್ತೊಂದು ಸಾಲೂ ಬಹುವರ್ಷಗಳ ಕಾಲ ಇದ್ದುವು. ಅಸ್ಪೃಶ್ಯತೆಯನ್ನು ರದ್ದುಮಾಡಿದ ಸಂವಿಧಾನದ 17ನೆಯ ಅನುಚ್ಛೇದವು 1950ರಿಂದಲೂ ಜಾರಿಯಲ್ಲಿದ್ದಿತು. ಆದರೂ ಕಸಗುಡಿಸುವವರನ್ನು ಇತರರೊಡನೆ ಕೂಡಿ ಎಣಿಸಿದರೆ ಲೆಕ್ಕದ ಸ್ವರೂಪವೇ ಕೆಡುವಷ್ಟು ಆ ಕೆಲಸವು ಕೆಲವೇ ಜಾತಿಗಳ ಪಾಲಿಗೆ ಬಿದ್ದಿದ್ದಿತು. ಅಂಕಿಗಳಿಗಿಂತ ಮೊದಲು ಕೋಷ್ಟಕದ ಸಾಲುಗಳನ್ನೇ ಓದಬೇಕೆಂಬ ಪಾಠ ಇಲ್ಲಿದೆ. ಮುಂದೆ ಬರುವ ಶಾಸನಗಳ ಚರಿತ್ರೆಯಲ್ಲಿ ಜಾತಿಯ ಹೆಸರು ವಿರಳ. ಆದರೆ ಅದರ ಪರಿಣಾಮವನ್ನು ಅನುಭವಿಸಿದವರು ಯಾರೆಂಬುದನ್ನು ಈ ಒಂದು ಸಾಲು ನೆನಪಿಗೆ ತರುತ್ತದೆ.

ನಮ್ಮ ಚರ್ಚೆಗೆ ಮೊದಲ ಮುಖ್ಯ ದಾಖಲೆ 1960ರದು. ಮುಂಬಯಿಯ ಸ್ಟ್ಯಾಂಡರ್ಡ್ ವ್ಯಾಕ್ಯೂಮ್ ತೈಲ ಶುದ್ಧೀಕರಣ ಕಂಪನಿಯು ತನ್ನ ಸ್ಥಾವರವನ್ನೂ ಆವರಣವನ್ನೂ ಶುಚಿಯಾಗಿಡುವ ಕೆಲಸವನ್ನು ಗುತ್ತಿಗೆದಾರನಿಗೆ ವಹಿಸಿದ್ದಿತು. ಗುತ್ತಿಗೆಯ ಕೂಲಿಗಾರರಿಗೆ ಸಂಬಳ ಕಡಿಮೆ, ಕೆಲಸದ ಭದ್ರತೆಯಿಲ್ಲ. ಇಲ್ಲಿ ಗಮನಾರ್ಹವಾದ ಸಂಗತಿಯೆಂದರೆ, ಈ ಪದ್ಧತಿಯನ್ನು ರದ್ದುಮಾಡಬೇಕೆಂದು ವಿವಾದವನ್ನೆತ್ತಿದವರು ಆ ಕೂಲಿಗಾರರಲ್ಲ, ಕಂಪನಿಯ ಖಾಯಂ ಕೆಲಸಗಾರರು. ಪರರ ವಿಷಯದಲ್ಲಿ ವಿವಾದವೆತ್ತಲು ಇವರಿಗೆ ಅಧಿಕಾರವಿಲ್ಲವೆಂದು ಕಂಪನಿಯು ವಾದಿಸಿತು. ಸರ್ವೋಚ್ಚ ನ್ಯಾಯಾಲಯವು ಆ ವಾದವನ್ನು ಒಪ್ಪಲಿಲ್ಲ. ಶುಚಿಗೊಳಿಸುವ ಕೆಲಸವು ಉದ್ಯಮಕ್ಕೆ ಅವಶ್ಯಕವಾದುದು, ಪ್ರತಿನಿತ್ಯವೂ ನಡೆಯಬೇಕಾದುದು, ಸಾಮಾನ್ಯವಾಗಿ ಸಂಸ್ಥೆಯ ಸ್ವಂತ ನೌಕರರೇ ಮಾಡುವಂತಹುದು. ಆದಕಾರಣ ಅದಕ್ಕೆ ಗುತ್ತಿಗೆ ಸಲ್ಲದೆಂಬ ನ್ಯಾಯಮಂಡಲಿಯ ತೀರ್ಪನ್ನು ಅದು ಎತ್ತಿಹಿಡಿಯಿತು.

ಈ ತೀರ್ಪಿನ ತರ್ಕವು 1970ರ ಗುತ್ತಿಗೆ ಕಾರ್ಮಿಕ (ನಿಯಂತ್ರಣ ಮತ್ತು ರದ್ದಿಯಾತಿ) ಅಧಿನಿಯಮದ 10ನೆಯ ಪ್ರಕರಣದಲ್ಲಿ ಶಾಸನರೂಪವನ್ನು ಪಡೆಯಿತು. ಕೆಲಸವು ಅವಶ್ಯಕವೆ, ನಿರಂತರವೆ, ಸಾಧಾರಣವಾಗಿ ಖಾಯಂ ನೌಕರರಿಂದ ನಡೆಯತಕ್ಕದ್ದೆ, ಪೂರ್ಣಾವಧಿಯ ಕೆಲಸಗಾರರಿಗೆ ಸಾಲುವಷ್ಟಿದೆಯೆ ಎಂಬ ಅಂಶಗಳನ್ನು ಪರ್ಯಾಲೋಚಿಸಿ ಸರ್ಕಾರವು ಗುತ್ತಿಗೆಯನ್ನು ನಿಷೇಧಿಸಬಹುದಾಗಿತ್ತು. ಅದರಂತೆ 1976ರ ಡಿಸೆಂಬರ್ 9ರಂದು ಕೇಂದ್ರ ಸರ್ಕಾರವು ಒಂದು ಅಧಿಸೂಚನೆಯನ್ನು ಹೊರಡಿಸಿತು. ಈ ಶಾಸನದ ಮಟ್ಟಿಗೆ ಕೇಂದ್ರ ಸರ್ಕಾರದ ಅಧಿಕಾರಕ್ಕೊಳಪಟ್ಟ ಸಂಸ್ಥೆಗಳ ಕಟ್ಟಡಗಳಲ್ಲಿ ಗುಡಿಸುವುದು, ಶುಚಿಗೊಳಿಸುವುದು, ಧೂಳು ಹೊಡೆಯುವುದು, ಕಾವಲು ಕಾಯುವುದು, ಈ ನಾಲ್ಕು ಕೆಲಸಗಳಿಗೆ 1977ರ ಮಾರ್ಚ್ 1ರಿಂದ ಗುತ್ತಿಗೆಯವರನ್ನು ನೇಮಿಸಕೂಡದೆಂದು ಅದು ವಿಧಿಸಿತು. ಅನೇಕ ಅಂತಸ್ತುಗಳ ಕಟ್ಟಡಗಳ ಹೊರಮೈಯನ್ನು ತೊಳೆಯುವುದೇ ಮೊದಲಾದ, ವಿಶೇಷ ಪರಿಣತಿಯಿಲ್ಲದೆ ಮಾಡಲಾಗದ ಕೆಲಸಗಳಿಗೆ ಮಾತ್ರ ವಿನಾಯಿತಿಯಿದ್ದಿತು. ಕಟ್ಟಡದ ಹೊರಗೋಡೆಗೆ ಏರುವವನು ಪರಿಣತ, ಆದುದರಿಂದ ಹೊರಗಿನವನಾಗಿರಬಹುದು. ಒಳಗೆ ನೆಲವನ್ನು ಒರಸುವವರು ನಿತ್ಯದವರು, ಆದುದರಿಂದ ಸಂಸ್ಥೆಯವರೇ ಆಗಿರಬೇಕು. ಸಾಧಾರಣ ಕೆಲಸದ ಸಾಧಾರಣತೆಯೇ ಇಲ್ಲಿ ಕೆಲಸಗಾರನ ಹಕ್ಕಿಗೆ ಆಧಾರವಾಯಿತೆಂಬುದು ವಿಚಾರಾರ್ಹವಾಗಿದೆ.

ಆದರೆ ನಿಷೇಧವಾದ ಮೇಲೆ, ಅದುವರೆಗೆ ಗುಡಿಸುತ್ತಿದ್ದವರ ಗತಿಯೇನು? ಗುತ್ತಿಗೆ ರದ್ದಾದರೆ ಅವರ ಕೆಲಸವೂ ರದ್ದಾಗಬೇಕೆ? ಶಾಸನವು ಈ ವಿಷಯದಲ್ಲಿ ಮೌನವಾಗಿದ್ದಿತು. 1996ರಲ್ಲಿ ಏರ್ ಇಂಡಿಯಾ ಸಂಸ್ಥೆಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಾಧೀಶರ ಪೀಠವು ಆ ಮೌನವನ್ನು ಕಾರ್ಮಿಕರ ಪರವಾಗಿ ಅರ್ಥೈಸಿತು. ಮಧ್ಯೆ ಇದ್ದ ಗುತ್ತಿಗೆದಾರನು ಸರಿದ ಬಳಿಕ ಉಳಿಯುವವರು ಇಬ್ಬರೇ: ಕೆಲಸ ಮಾಡುವವರು ಮತ್ತು ಮಾಡಿಸಿಕೊಳ್ಳುವವರು. ಅವರಿಬ್ಬರ ನಡುವೆ ನೇರವಾದ ಸಂಬಂಧವು ತಾನಾಗಿಯೇ ಏರ್ಪಡುವುದೆಂದು ತೀರ್ಪಿತ್ತು, ಗುಡಿಸುವ ಕೆಲಸಗಾರರನ್ನು ಸಂಸ್ಥೆಯು ಸೇರಿಸಿಕೊಳ್ಳಬೇಕೆಂದು ಅದು ಆದೇಶಿಸಿತು.

ಈ ಉತ್ತರವು ಐದು ವರ್ಷಗಳೂ ಬಾಳಲಿಲ್ಲ. 2001ರ ಆಗಸ್ಟ್ 30ರಂದು ಭಾರತ ಉಕ್ಕು ಪ್ರಾಧಿಕಾರದ ಮೊಕದ್ದಮೆಯಲ್ಲಿ ಐವರು ನ್ಯಾಯಾಧೀಶರ ಸಂವಿಧಾನ ಪೀಠವು 1996ರ ತೀರ್ಪನ್ನು ತಳ್ಳಿಹಾಕಿತು. ತಾನಾಗಿಯೇ ಸೇರ್ಪಡೆಯಾಗುವ ಹಕ್ಕು ಶಾಸನದಲ್ಲಿಲ್ಲವೆಂದು ಅದು ಹೇಳಿತು. ಇಷ್ಟೇ ಅಲ್ಲ, 1976ರ ಅಧಿಸೂಚನೆಯು ಒಂದೊಂದು ಸಂಸ್ಥೆಯ ಸ್ಥಿತಿಯನ್ನೂ ಪರಿಶೀಲಿಸದೆ ಎಲ್ಲಕ್ಕೂ ಒಟ್ಟಾಗಿ ಹೊರಡಿಸಿದುದೆಂಬ ಕಾರಣದಿಂದ, ಮುಂದಕ್ಕೆ ಅನ್ವಯವಾಗುವಂತೆ ಅದನ್ನೂ ರದ್ದುಗೊಳಿಸಿತು. ಗುತ್ತಿಗೆಯು ಕೇವಲ ನೆಪವೆಂದು ರುಜುವಾತಾದರೆ ಮಾತ್ರ ಕೆಲಸಗಾರರನ್ನು ಸಂಸ್ಥೆಯವರೆಂದು ಭಾವಿಸಬೇಕೆಂಬ ಒಂದು ದಾರಿ ಉಳಿಯಿತು. ಆದರೆ ನೆಪವೆಂದು ರುಜುವಾತುಪಡಿಸುವ ಭಾರವು ಯಾರ ಮೇಲೆ ಬೀಳುತ್ತದೆ? ಹಾಜರಿ ಪುಸ್ತಕವನ್ನಾಗಲಿ ಒಪ್ಪಂದದ ಪತ್ರವನ್ನಾಗಲಿ ತಾವು ಇಟ್ಟುಕೊಳ್ಳದ ಜನರ ಮೇಲೆಯೇ.

ಕನ್ನಡ ನಾಡಿನ ಒಂದು ಮೊಕದ್ದಮೆಯೂ ಈ ಚರಿತ್ರೆಯಲ್ಲಿ ಸೇರಿದೆ. ಅದರಲ್ಲಿನ ಪ್ರಶ್ನೆ ಗುತ್ತಿಗೆಯದಲ್ಲ, ದಿನಗೂಲಿಯದು. ವಾಣಿಜ್ಯ ತೆರಿಗೆಗಳ ಇಲಾಖೆಯಲ್ಲಿ ದಿನಗೂಲಿಯ ಮೇಲೆ ದುಡಿಯುತ್ತಿದ್ದವರಿಗೂ ಕರ್ನಾಟಕ ಸರ್ಕಾರಕ್ಕೂ ನಡೆದ ವ್ಯಾಜ್ಯದಲ್ಲಿ 2006ರ ಏಪ್ರಿಲ್ 10ರಂದು ಮತ್ತೊಂದು ಸಂವಿಧಾನ ಪೀಠವು ತೀರ್ಪು ನೀಡಿತು. ಎಲ್ಲರಿಗೂ ತೆರೆದ ಸ್ಪರ್ಧೆಯಿಂದಲೇ ಸರ್ಕಾರಿ ಹುದ್ದೆಗಳನ್ನು ತುಂಬಬೇಕು. ಬಹುಕಾಲ ದುಡಿದ ಮಾತ್ರಕ್ಕೆ ಖಾಯಮಾತಿಯ ಹಕ್ಕು ಹುಟ್ಟದು ಎಂಬುದು ಅದರ ಸಾರ. ಮಂಜೂರಾದ ಹುದ್ದೆಗಳಲ್ಲಿ ಹತ್ತು ವರ್ಷಗಳಿಗೆ ಮೇಲ್ಪಟ್ಟು ದುಡಿದ ಅರ್ಹರಿಗೆ ಒಂದೇ ಸಲದ ಅವಕಾಶವನ್ನು ಕೊಡಲಾಯಿತು. ಸಮಾನಾವಕಾಶದ ಈ ತತ್ತ್ವವು ನ್ಯಾಯವಾದುದೇ. ಕೆಲಸವಿಲ್ಲದೆ ಹೊರಗೆ ಕಾದಿರುವವರ ಹಿತವನ್ನೂ ಚರಿತ್ರಕಾರನು ಮರೆಯಬಾರದು. ಆದರೆ ನೇಮಕದ ವಿಧಿಯನ್ನು ಮುರಿದವರು ಅಧಿಕಾರಿಗಳು, ಅದರ ಫಲವನ್ನುಂಡವರು ದಿನಗೂಲಿಯವರು ಎಂಬ ವಿಪರ್ಯಾಸವನ್ನು ಕಾಣದಿರುವುದೂ ಸಾಧ್ಯವಿಲ್ಲ.

ಇದೇ ಕಾಲದಲ್ಲಿ ಖಾಯಂ ಹುದ್ದೆಯ ಸ್ವರೂಪವೂ ಮಾರ್ಪಟ್ಟಿತು. 2008ರಲ್ಲಿ ವರದಿಯಿತ್ತ ಆರನೆಯ ಕೇಂದ್ರ ವೇತನ ಆಯೋಗದ ಶಿಫಾರಸಿನ ಮೇರೆಗೆ ಗುಂಪು ಡಿ ಎಂಬ ವರ್ಗವನ್ನೇ ತೆಗೆದು, ಜವಾನ, ದಫ್ತರಿ, ಫರಾಶ್, ಚೌಕೀದಾರ, ಮಾಲಿ, ಸಫಾಯಿವಾಲಾ ಮೊದಲಾದವರನ್ನೆಲ್ಲ ‘ಬಹುಕಾರ್ಯ ಸಿಬ್ಬಂದಿ’ ಎಂಬ ಒಂದೇ ಹೆಸರಿನಡಿ ಗುಂಪು ಸಿ ವರ್ಗಕ್ಕೆ ಸೇರಿಸಲಾಯಿತು. ಅವಹೇಳನಕ್ಕೆ ಎಡೆಗೊಟ್ಟಿದ್ದ ಹಳೆಯ ಹೆಸರುಗಳು ಅಳಿದುದು ಸ್ವಾಗತಾರ್ಹವೇ. ಆದರೆ ಹೊಸ ನೇಮಕಕ್ಕೆ ಮೆಟ್ರಿಕ್ಯುಲೇಷನ್ನಿನ ಮಟ್ಟದ ವಿದ್ಯಾರ್ಹತೆ ಬೇಕಾಯಿತು. ಓದುಬರಹ ಬಾರದ ಒಬ್ಬ ಹೆಂಗಸು ಕಚೇರಿಯನ್ನು ಗುಡಿಸಿ ಸರ್ಕಾರದ ಖಾಯಂ ನೌಕರಳಾಗಬಹುದಾಗಿದ್ದ ಬಾಗಿಲು ಅಲ್ಲಿಗೆ ಮುಚ್ಚಿತು. ಗುಡಿಸುವ ಕೆಲಸ ಮಾತ್ರ ನಿಲ್ಲಲಿಲ್ಲ. ಅದು ಗುತ್ತಿಗೆಯ ಬಾಗಿಲಿನಿಂದ ಒಳಗೆ ಬಂದಿತು.

ಕೊನೆಯದಾಗಿ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಈ ಸಂಹಿತೆಯು ಸಂಸ್ಥೆಯ ‘ಮೂಲ ಚಟುವಟಿಕೆ’ಗಳಲ್ಲಿ ಗುತ್ತಿಗೆಯನ್ನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಆದರೆ ಮೂಲ ಚಟುವಟಿಕೆಯೆಂದರೆ ಯಾವುದೆಂಬುದನ್ನು ವಿವರಿಸುವಾಗ, ಸಂಸ್ಥೆಯು ಅದಕ್ಕಾಗಿಯೇ ಸ್ಥಾಪಿತವಾಗಿದ್ದ ಹೊರತು, ಗುಡಿಸುವುದು, ಶುಚಿಗೊಳಿಸುವುದು, ಧೂಳು ಹೊಡೆಯುವುದು, ಕಸದ ವಿಲೇವಾರಿ ಇವುಗಳನ್ನು ಹೊರಗಿಡುತ್ತದೆ. ವಾಚಕರು 1976ರ ಅಧಿಸೂಚನೆಯ ಪದಗಳನ್ನು ನೆನೆಯಬೇಕು. ಅಂದು ಗುತ್ತಿಗೆಯಿಂದ ರಕ್ಷಿಸಲು ಬಳಸಿದ ಪದಗಳೇ ಇಂದು ಗುತ್ತಿಗೆಗೆ ಒಪ್ಪಿಸಲು ಬಳಕೆಯಾಗಿವೆ.

ಇದಕ್ಕೆ ಪ್ರತಿಯಾಗಿ 2024ರ ಡಿಸೆಂಬರ್ 20ರ ಒಂದು ತೀರ್ಪನ್ನು ಇಡಬಹುದು. ಕೇಂದ್ರ ಜಲ ಆಯೋಗದ ಕಚೇರಿಯೊಂದರಲ್ಲಿ 1993ರಿಂದ 1999ರ ನಡುವೆ ಸೇರಿ, ಗುಡಿಸುವ ಮತ್ತು ತೋಟದ ಕೆಲಸವನ್ನು ಮಾಡುತ್ತಿದ್ದ ಕೆಲವರನ್ನು 2018ರ ಅಕ್ಟೋಬರಿನಲ್ಲಿ ತೆಗೆದುಹಾಕಲಾಗಿತ್ತು. ಅವರನ್ನು ತೆಗೆದ ಬಳಿಕ ಅದೇ ಕೆಲಸವನ್ನು ಖಾಸಗಿಯವರಿಗೆ ವಹಿಸಿದುದೇ ಆ ಕೆಲಸದ ನಿರಂತರತೆಗೆ ಸಾಕ್ಷಿಯೆಂದು ಸರ್ವೋಚ್ಚ ನ್ಯಾಯಾಲಯವು ಕಂಡಿತು. 2006ರ ತೀರ್ಪನ್ನು ದೀರ್ಘಕಾಲದ ಸೇವೆಯನ್ನು ತಿರಸ್ಕರಿಸಲು ಆಯುಧವನ್ನಾಗಿ ಬಳಸಕೂಡದೆಂದು ಅಭಿಪ್ರಾಯಪಟ್ಟು, ಅವರನ್ನು ಮರಳಿ ತೆಗೆದುಕೊಂಡು ಖಾಯಂಗೊಳಿಸಬೇಕೆಂದು ಆಜ್ಞಾಪಿಸಿತು. ಹೀಗೆ 1960ರ ತರ್ಕವು ಅರುವತ್ತನಾಲ್ಕು ವರ್ಷಗಳ ಮೇಲೆ ಮತ್ತೆ ಕೇಳಿಬಂದಿತು.

ಮೇಲ್ಕಂಡ ವಿವರಗಳಿಂದ ಒಂದು ನಿರ್ಣಯಕ್ಕೆ ಬರಬಹುದಾಗಿದೆ. ಗುತ್ತಿಗೆಯನ್ನು ಸಮರ್ಥಿಸುವವರು ಖರ್ಚಿನ ಮಿತವ್ಯಯವನ್ನೂ ಮೇಲ್ವಿಚಾರಣೆಯ ಸೌಕರ್ಯವನ್ನೂ ಮುಂದಿಡುತ್ತಾರೆ. ಅವು ತೀರ ನಿರಾಧಾರವಾದ ಮಾತುಗಳಲ್ಲ. ಆದರೆ ಕಸಗುಡಿಸುವವರಿಂದ ಕಚೇರಿಯು ನಿರೀಕ್ಷಿಸುವುದು ಕೇವಲ ಶುಚಿಯಾದ ನೆಲವನ್ನಲ್ಲ. ಬೀಗದ ಕೈಯನ್ನು ಅವರ ಕೈಗೆ ಕೊಡುವಾಗ ನಂಬಿಕೆಯನ್ನೂ, ಹಬ್ಬವೆನ್ನದೆ ಮಳೆಯೆನ್ನದೆ ಬರುವ ನಿಯಮವನ್ನೂ, ಮೇಜಿನ ಮೇಲಿನ ಕಾಗದವನ್ನು ಕದಲಿಸದ ವಿವೇಕವನ್ನೂ ಅದು ನಿರೀಕ್ಷಿಸುತ್ತದೆ. ಇವು ಮನೆಯವರಿಂದ ನಿರೀಕ್ಷಿಸುವ ಗುಣಗಳು. ಇವನ್ನು ಕೇಳುವವರು ‘ಅವರು ನಮ್ಮವರಲ್ಲ, ಗುತ್ತಿಗೆದಾರನವರು’ ಎಂದು ಸಂಬಳದ ದಿನ ಹೇಳುವುದು ಹೊಂದುವ ಮಾತಲ್ಲ. ಎಷ್ಟು ನಿರೀಕ್ಷೆಯೋ ಅಷ್ಟು ಹೊಣೆ ಎಂಬುದೇ 1960ರ ತೀರ್ಪಿನ ತಿರುಳು. ಅದನ್ನು ಬಿಟ್ಟು ನಡೆದಾಗಲೆಲ್ಲ ನಷ್ಟವನ್ನು ಹೊತ್ತವರು ಕೋಷ್ಟಕದ ಆ ಪ್ರತ್ಯೇಕ ಸಾಲಿನವರು.

ಈ ವಿಷಯದಲ್ಲಿ ಸಂಶೋಧನೆ ಮಾಡಬಯಸುವ ವಿದ್ಯಾರ್ಥಿಗಳು ದೂರ ಹೋಗಬೇಕಾದುದಿಲ್ಲ. ತಮ್ಮ ಕಾಲೇಜಿನ ಹಳೆಯ ಹಾಜರಿ ಪುಸ್ತಕಗಳು, ಸಂಬಳದ ಪಟ್ಟಿಗಳು, ಟೆಂಡರು ಪತ್ರಗಳು ಇವುಗಳನ್ನು ವರ್ಷಾನುಕ್ರಮವಾಗಿ ಜೋಡಿಸಿ, ಕಸಗುಡಿಸುವವರ ಹೆಸರು ಯಾವ ವರ್ಷದವರೆಗೆ ಇದ್ದಿತು, ಯಾವ ವರ್ಷದಿಂದ ಹೆಸರು ಹೋಗಿ ಬರಿಯ ಸಂಖ್ಯೆ ಉಳಿಯಿತು ಎಂಬುದನ್ನು ಗುರುತಿಸಿದರೆ ಸಾಕು. ಜೊತೆಗೆ, ತರಗತಿ ಆರಂಭವಾಗುವುದಕ್ಕೆ ಒಂದು ಗಂಟೆ ಮುಂಚೆ ಬಂದರೆ, ದಾಖಲೆಗಳಲ್ಲಿ ಇಲ್ಲದುದನ್ನು ಹೇಳಬಲ್ಲವರು ಕೈಯಲ್ಲಿ ಪೊರಕೆ ಹಿಡಿದು ಅಲ್ಲಿಯೇ ಇರುತ್ತಾರೆ.