ಗಾರೆಯ ಹಿಡಿತ, ಬಿಲ್ಲೆಯ ಬಾಯಾರಿಕೆ

ಮನೆ ಕಟ್ಟುವ ಕಸಬನ್ನು ನಾವು ಇಂದಿಗೂ 'ಗಾರೆ ಕೆಲಸ'ವೆಂದೇ ಕರೆಯುತ್ತೇವೆ. ಗಾರೆ ಊರು ಬಿಟ್ಟು ಬಹಳ ಕಾಲವಾಯಿತು. ಹೆಸರು ಮಾತ್ರ ನಾಲಗೆಗೆ ಅಂಟಿಕೊಂಡು ಉಳಿದಿದೆ. ಮಾತಿನ ಅಂಟು ಅಷ್ಟು ಗಟ್ಟಿ. ನೆಲದ ಅಂಟು ಅಷ್ಟು ಗಟ್ಟಿಯಲ್ಲವೆಂಬುದನ್ನು ನಾನು ಕಲಿತದ್ದು ಒಂದು ಬೇಸಗೆಯ ಮಧ್ಯಾಹ್ನ, ನಡುಮನೆಯ ಎರಡು ಹೊಳೆಯುವ ಬಿಲ್ಲೆಗಳು ಟಪ್ಪೆಂದು ಸದ್ದುಮಾಡಿ ಗುಡಾರದಂತೆ ಮೇಲೆದ್ದಾಗ. ಹಾಸುವ ದಿನವೇ ಮೇಸ್ತ್ರಿ, "ಮೇಷ್ಟ್ರೆ, ಇದಕ್ಕೆ ಬರೀ ಸಿಮೆಂಟು ಹಿಡಿಯೋದಿಲ್ಲ, ಬೇರೆ ಅಂಟು ತರಿಸಿ, ಗೋಡೆ ಪಕ್ಕ ಸ್ವಲ್ಪ ಸಂದೂ ಬಿಡೋಣ" ಎಂದಿದ್ದ. ಖರ್ಚಿಗೆ ಹೆದರಿ ಅಂಟು ಬೇಡವೆಂದವನೂ, ಅಂದಕ್ಕೆ ಸೋತು ಸಂದು ಬೇಡವೆಂದವನೂ ನಾನೇ. ಅವನ ಮಾತಿನ ಹಿಂದೆ ಎರಡು ಸಾವಿರ ವರ್ಷಗಳ ಚರಿತ್ರೆಯಿದೆಯೆಂದು ಆಗ ನನಗೆ ಹೊಳೆಯಲಿಲ್ಲ.

ಬರಿಯ ಸುಣ್ಣ ಗಾಳಿಯಲ್ಲಿರುವ ಇಂಗಾಲದ ಅನಿಲವನ್ನು ಹೀರಿ ಮೆಲ್ಲಮೆಲ್ಲನೆ ಕಲ್ಲಾಗುತ್ತದೆ. ನೀರಿನೊಳಗೆ ಅದು ಗಟ್ಟಿಯಾಗದು. ರೋಮನರು ನೇಪಲ್ಸ್ ಸಮೀಪದ ಜ್ವಾಲಾಮುಖಿಯ ಬೂದಿಯನ್ನು ಅದಕ್ಕೆ ಬೆರೆಸಿ ಈ ಕೊರತೆಯನ್ನು ನೀಗಿದರು. ಕ್ರಿಸ್ತಪೂರ್ವ ಮೊದಲ ಶತಮಾನದ ವಿಟ್ರುವಿಯಸ್ ಇದನ್ನು ತನ್ನ ವಾಸ್ತುಗ್ರಂಥದಲ್ಲಿ ವಿವರಿಸಿದ್ದಾನೆ. ನಮ್ಮವರು ಅದೇ ಕೆಲಸವನ್ನು ಸುಟ್ಟ ಇಟ್ಟಿಗೆಯ ಪುಡಿಯಿಂದ, ಅಂದರೆ ಸುರ್ಕಿಯಿಂದ, ಮಾಡಿಸಿದರು. ಸುಣ್ಣ ಸುರ್ಕಿಗಳನ್ನು ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸಿ ಗಾರೆ ಹದಮಾಡುತ್ತಿದ್ದರು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಹಿಡಿದಿಟ್ಟಿರುವುದೂ ಸುರ್ಕಿ ಗಾರೆಯೇ.

ಅತ್ತ ಇಂಗ್ಲೆಂಡಿನಲ್ಲಿ ಎಡಿಸ್ಟೋನ್ ದೀಪಸ್ತಂಭವನ್ನು ಹೊಸದಾಗಿ ಕಟ್ಟಹೊರಟ ಸ್ಮೀಟನ್, 1750ರ ದಶಕದಲ್ಲಿ, ಜೇಡಿ ಬೆರೆತ ಸುಣ್ಣಕಲ್ಲನ್ನು ಸುಟ್ಟರೆ ಬರುವ ಸುಣ್ಣ ನೀರಿನಲ್ಲೂ ಗಟ್ಟಿಯಾಗುವುದನ್ನು ಕಂಡುಕೊಂಡ. ಅದೇ ಹಾದಿಯಲ್ಲಿ ಮುಂದೆ ಲೀಡ್ಸ್ ಪಟ್ಟಣದ ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಪೋರ್ಟ್‌ಲೆಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ. ಗಾರೆಗಿದ್ದ ತಾಳ್ಮೆ ಸಿಮೆಂಟಿಗಿಲ್ಲ, ಕಾಲಕ್ಕೂ ಇರಲಿಲ್ಲ. ಗಾಣ ನಿಂತಿತು.

ಆದರೂ ಬಿಲ್ಲೆಗೂ ಸಿಮೆಂಟಿಗೂ ಬಹುಕಾಲ ಚೆನ್ನಾಗಿಯೇ ಹೊಂದಿಕೆಯಾಯಿತು. ಸುಟ್ಟ ಜೇಡಿಯ ಕೆಂಪು ಬಿಲ್ಲೆಯ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಆರಂಭಿಸಿದ ಹಂಚಿನ ಕಾರ್ಖಾನೆಯಿಂದ ಹೆಸರಾದ ಮಂಗಳೂರು ಹಂಚಿನದೂ ಇದೇ ಗುಣ. ಅಂಥ ಬಿಲ್ಲೆಯನ್ನು ನೀರಲ್ಲಿ ನೆನೆಹಾಕಿ ಹಾಸಿದರೆ, ಸಿಮೆಂಟಿನ ಹಾಲು ಆ ರಂಧ್ರಗಳಿಗಿಳಿದು ಅಲ್ಲೇ ಹರಳುಗಟ್ಟುತ್ತದೆ. ನಿಜ ಹೇಳುವುದಾದರೆ ಅದು ಅಂಟಲ್ಲ, ಬೇರು.

ಈಗಿನ ವಿಟ್ರಿಫೈಡ್ ಬಿಲ್ಲೆ ಬೇರೆ ಜಾತಿಯದು. ಭಾರೀ ಒತ್ತಡದಲ್ಲಿ ಅದುಮಿ, ಸುಮಾರು 1200 ಡಿಗ್ರಿ ಶಾಖದಲ್ಲಿ ಸುಟ್ಟ ಇದು ಹೀರುವ ನೀರು ತನ್ನ ತೂಕದ ನೂರರಲ್ಲಿ ಅರೆಪಾಲೂ ಇಲ್ಲ. ಬೇರೂರಲು ಎಡೆಯಿಲ್ಲದ ಕಡೆ ಸಿಮೆಂಟೇನು ಮಾಡೀತು? ಉತ್ತರ ದೊರೆತದ್ದು ರಸಾಯನಶಾಸ್ತ್ರದಲ್ಲಿ. 1950ರ ದಶಕದಲ್ಲಿ ಅಮೆರಿಕದ ಹೆನ್ರಿ ರಾತ್‌ಬರ್ಗ್ ಎಂಬ ರಾಸಾಯನಿಕ ಎಂಜಿನಿಯರು ಸಿಮೆಂಟಿಗೆ ರಬ್ಬರಿನಂಥ ಲೇಟೆಕ್ಸ್ ಬೆರೆಸಿ, ತೆಳ್ಳನೆಯ ಪದರದಲ್ಲೇ ಬಿಲ್ಲೆ ಕೂರಿಸುವ ಗಾರೆಯನ್ನು ಬಳಕೆಗೆ ತಂದ. ಅಂಗುಲಕ್ಕೂ ಮೀರಿದ ಗಾರೆಯ ಹಾಸಿಗೆ ಇದ್ದ ಕಡೆ ಕೆಲವೇ ಮಿಲಿಮೀಟರು ಸಾಕಾಯಿತು. ಈ ಪಾಲಿಮರು ನುಣುಪು ಮೈಯನ್ನೂ ಹಿಡಿಯುತ್ತದೆ; ಬಿಸಿಲಿಗೆ ಬಿಲ್ಲೆ ಹಿಗ್ಗಿದರೆ ತಾನೂ ತುಸು ಬಾಗಿಕೊಡುತ್ತದೆ.

ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಅಂಟಿನ ಬೆಲೆಯಲ್ಲ, ಬಿಲ್ಲೆಯ ಗುಣ. ನೀರು ಹೀರುವ ಬಿಲ್ಲೆಗೆ ಸಾಧಾರಣ ಅಂಟು ಸಾಕು. ಹೀರದ್ದಕ್ಕೆ ಪಾಲಿಮರು ಹೆಚ್ಚಿರುವುದೇ ಆಗಬೇಕು. ಹಳೆಯ ಬಿಲ್ಲೆಯ ಮೇಲೆಯೇ ಹೊಸದನ್ನು ಹಾಸುವುದಾದರೆ ಇನ್ನೂ ಬಲವಾದದ್ದು. ಭಾರತೀಯ ಮಾನಕ ಸಂಸ್ಥೆಯ 15477ನೆಯ ಮಾನಕ ಅಂಟುಗಳನ್ನು ವಿಂಗಡಿಸಿಕೊಟ್ಟಿದೆ. ಚೀಲದ ಮೇಲೆ ಅದನ್ನು ಓದಿ ಕೊಳ್ಳಬಹುದು. ಅಂಟನ್ನು ಮೂಲೆಗೊಂದು ಮುದ್ದೆಯಿಡದೆ ಬಿಲ್ಲೆಯಡಿ ಪೂರ್ತಿ ಹರಡಬೇಕು.

ಮೇಲೆದ್ದ ಬಿಲ್ಲೆಗಳನ್ನು ಕಿತ್ತ ದಿನ ಮೇಸ್ತ್ರಿ ಒಂದು ಹಳೆಯ ಕೆಂಪು ಬಿಲ್ಲೆಯನ್ನೂ ನನ್ನ ಹೊಳೆಯುವ ಬಿಲ್ಲೆಯನ್ನೂ ಪಕ್ಕಪಕ್ಕದಲ್ಲಿ ಬೋರಲಿಟ್ಟು, ಎರಡರ ಮೇಲೂ ಹನಿ ನೀರು ಬಿಟ್ಟ. ಕೆಂಪು ಬಿಲ್ಲೆಯ ಮೇಲಿನ ಹನಿ ನೋಡನೋಡುತ್ತ ಮಾಯವಾಯಿತು. ಇನ್ನೊಂದು ಇದ್ದಂತೆಯೇ ಇತ್ತು.

"ಇದಕ್ಕೆ ಬಾಯಾರಿಕೆಯೇ ಇಲ್ಲ, ಮೇಷ್ಟ್ರೆ. ಸಿಮೆಂಟಿನ ಹಾಲು ಯಾರಿಗೆ ಕುಡಿಸೋದು?" ಎಂದ.

ಇಪ್ಪತ್ತು ವರ್ಷ ಪಾಠ ಹೇಳಿದ ನಾನು ಅಂದು ತೆಪ್ಪಗೆ ಕೇಳಿಸಿಕೊಂಡೆ.